ಅರ್ಧ ಪುಣ್ಯದ ಮಣಿಗಿಡ

ಬನಹಟ್ಟಿಯ ನಮ್ಮ ಓಣಿಯಲ್ಲಿ ಏನೇ ನೆಟ್ಟರೂ ನೀರಿಗಿಂತ ಮೊದಲು ಅದಕ್ಕೆ ಸಲಹೆ ಬೀಳುತ್ತದೆ. ಒಂದೇ ಒಂದು ಅಂದದ ಗಿಡ ಸಾಕಲು ಹೋಗಿ ನಾನು ಕಂಡದ್ದನ್ನೆಲ್ಲ ಹೇಳಿದರೆ, ನೀವು ಪ್ಲಾಸ್ಟಿಕ್ ಹೂ ತಂದಿಟ್ಟುಕೊಂಡು ಸುಮ್ಮನಾಗುತ್ತೀರಿ.

ವಿಷಕ್ಕೆ ನೀರು

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮಷಿನ್ ಮುಂದಿನ ಕಿಟಕಿಯಲ್ಲಿ ದಿನವಿಡೀ ಕಾಣುವುದು ಬೋಳು ಕಾಂಪೌಂಡ್ ಗೋಡೆ. ಅದನ್ನು ನೋಡಿ ನೋಡಿ ಜೀವ ಬೇಸತ್ತಿತ್ತು. ಒಮ್ಮೆ ಮುಧೋಳಕ್ಕೆ ಹೋದಾಗ ಯಾರದೋ ಅಂಗಳದಲ್ಲಿ ಕಿತ್ತಳೆ ಬಣ್ಣದ ಮಣಿಗಳು ಗೊಂಚಲು ಗೊಂಚಲಾಗಿ ಜೋತುಬಿದ್ದ ಗಿಡ ಕಂಡು ನಿಂತುಬಿಟ್ಟೆ. ಬನಹಟ್ಟಿಯ ಬಸ್ಸು ನನ್ನ ಬೆನ್ನ ಹಿಂದೆಯೇ ಹೋಯಿತು. ಮುಂದಿನ ಬಸ್ಸಿಗೆ ನಾನೂ, ನರ್ಸರಿಯಲ್ಲಿ ಕೊಂಡ ಅದೇ ಜಾತಿಯ ಸಸಿಯೂ ಬಂದೆವು. ನರ್ಸರಿಯವನು ಅದನ್ನು ಡುರಾಂಟಾ ಎಂದ, ನಾನು ಮಣಿಗಿಡ ಎಂದೆ. ಮಳೆಗಾಲದಲ್ಲಿ ತಿಳಿನೇರಳೆ ಹೂ, ದೀಪಾವಳಿ ಹೊತ್ತಿಗೆ ಮಣಿ ಎಂದು ಅವನು ಹೇಳಿದ್ದ.

ಸಸಿ ನೆಡಲು ನಾನು ಆರಿಸಿದ ಕಿಟಕಿಯೆದುರಿನ ಜಾಗವನ್ನು ನಮ್ಮ ಅತ್ತೆ ನುಗ್ಗೆಗೆಂದು ಎತ್ತಿಟ್ಟಿದ್ದರು.

"ಇದರ ಕಾಯಿ ತಿನ್ನಾಕ ಬರತೈತೇನು?" ಎಂದು ಕೇಳಿದರು.

"ಇಲ್ರಿ ಅತ್ತಿ, ವಿಷ ಐತಂತ."

"ಹಂಗಂದ್ರ ದಿನಾ ಮುಂಜಾನೆ ಎದ್ದು ನೀ ವಿಷಕ್ಕ ನೀರ ಹಾಕಾಕಿ."

ಬರುವ ದೀಪಾವಳಿಗೆ ಮಣಿ ಕಾಣದಿದ್ದರೆ ಗಿಡ ಕಿತ್ತು ನುಗ್ಗೆ ನೆಡುವುದೆಂದು ತೀರ್ಮಾನವಾಯಿತು. ಆಮೇಲೆ ಅವಸರವಾಗಬಾರದೆಂದು ಅತ್ತೆ ಗಿಡದ ಪಕ್ಕದಲ್ಲಿ ನುಗ್ಗೆಯ ಗುಂಡಿಯನ್ನು ಆಗಲೇ ತೋಡಿಸಿಟ್ಟರು.

ಪುಕ್ಕಟೆ ಕಟಿಂಗ್

ನಮ್ಮ ಮನೆಯೆದುರು ಕಟಿಂಗ್ ಅಂಗಡಿ. ಅದನ್ನು ನಡೆಸುವ ಅಣ್ಣನಿಗೆ ಜಗತ್ತಿನಲ್ಲಿ ಯಾವುದೂ ಉದ್ದುದ್ದ ಬೆಳೆಯಬಾರದು. ಗಿರಾಕಿ ಇಲ್ಲದಾಗ ಕತ್ತರಿ ಹಿಡಿದು ರಸ್ತೆ ದಾಟಿ ಬಂದು ನನ್ನ ಗಿಡದ ತಲೆ ಸಮ ಮಾಡಿ ಹೋಗುತ್ತಿದ್ದ. ಎಷ್ಟು ಒಳ್ಳೆಯ ಮನುಷ್ಯ ಎಂದು ನಾನು ಚಹಾ ಬೇರೆ ಕೊಡುತ್ತಿದ್ದೆ.

ಮಳೆ ಹಿಡಿದರೂ ಗಿಡದಲ್ಲಿ ಒಂದು ಹೂವಿಲ್ಲ. ನರ್ಸರಿಯವನಿಗೆ ಫೋನ್ ಮಾಡಿದರೆ, ಟೊಂಗೆಯ ತುದಿಗೇ ಹೂ ಬಿಡುವುದು, ಕತ್ತರಿ ತಾಗಿಸಲೇಬೇಡಿ ಎಂದ. ಓಡಿ ಹೋಗಿ ಅಣ್ಣನಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು.

"ಗಿಡ ನಿಂದು ತಂಗಿ, ಮುಟ್ಟಂಗಿಲ್ಲ ಬಿಡು. ಆದ್ರ ನೋಡಕೋತ ಕೂಡ್ರಾಕ ನನ್ನ ಕಡೆ ಆಗಂಗಿಲ್ಲ."

ಮರುದಿನ ನೋಡಿದರೆ ತನ್ನ ಕುರ್ಚಿಯನ್ನು ಅಂಗಡಿಯೊಳಗಿನ ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದ.

ದೇವರ ಪಾಲು

ಶ್ರಾವಣದಲ್ಲಿ ಗಿಡ ಅಂತೂ ಹೂ ಬಿಟ್ಟಿತು. ಸಂಜೆ ಕಣ್ತುಂಬ ನೋಡಿ ಮಲಗಿದರೆ ಬೆಳಿಗ್ಗೆ ಒಂದೂ ಇರುತ್ತಿರಲಿಲ್ಲ. ಒಂದು ದಿನ ಬೇಗ ಎದ್ದು ಕಾದೆ. ಓಣಿಯ ಕೊನೆಮನೆಯ ಅಜ್ಜಿ ಕೊಕ್ಕೆಕೋಲು, ಕೈಚೀಲ ಹಿಡಿದು ಬಂದು ನಮ್ಮ ಟೊಂಗೆಯನ್ನು ಸಲೀಸಾಗಿ ಬಗ್ಗಿಸಿದಳು. ಹೂ ಗಿಡದಲ್ಲೇ ಉಳಿದರೆ ತಾನೆ ಕಾಯಿ ಆಗುವುದು ಎಂದು ಮೆತ್ತಗೆ ಹೇಳಿದೆ.

ಅವಳು ಕೈ ನಿಲ್ಲಿಸಲಿಲ್ಲ. "ದೇವರಿಗೆ ಒಯ್ಯಾಕತ್ತೇನಿ ಬೇ, ನನಗಲ್ಲ. ಪುಣ್ಯ ನಿನಗೂ ಅರ್ಧಾ ಬರತೈತಿ."

ಒಳಗಿನಿಂದ ಕೇಳಿಸಿಕೊಂಡ ಅತ್ತೆ, ದೇವರಿಗೆ ಬೇಡ ಅನ್ನಬಾರದು ಎಂದರು. ಹಾಗೆನ್ನುವಾಗ ಅವರ ಕಣ್ಣು ನುಗ್ಗೆಯ ಗುಂಡಿಯ ಮೇಲಿತ್ತು.

ಹಬ್ಬದ ಮುಂಜಾನೆ

ಅಜ್ಜಿ ಅಷ್ಟಕ್ಕೇ ನಿಂತಿದ್ದರೆ ನನ್ನ ಗಿಡದ ಕಥೆ ಮುಗಿದಿರುತ್ತಿತ್ತು. ಒಂದು ದಿನ ನನ್ನ ಗಿಡ ಬೋಳಾದ ಮೇಲೆ ಕೊಕ್ಕೆ ಅತ್ತೆಯ ದಾಸವಾಳದ ಕಡೆ ತಿರುಗಿತು. ಅತ್ತೆಯ ಭಕ್ತಿ ಅಲ್ಲಿಗೆ ಖಲಾಸ್. ಮರುದಿನದಿಂದ ನಸುಕಿನಲ್ಲೇ ಕೌದಿ ಹೊದ್ದು, ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಅಜ್ಜಿ ಬಂದು ಊರ ಸುದ್ದಿಯನ್ನೆಲ್ಲ ಹೇಳಿ ಖಾಲಿ ಚೀಲದೊಂದಿಗೆ ಹೋಗುತ್ತಿದ್ದಳು. ಕಾವಲು ದಾಸವಾಳಕ್ಕಾದರೂ, ಬಾಗಿಲಿಗೂ ಅದಕ್ಕೂ ನಡುವೆ ಇದ್ದ ನನ್ನ ಗಿಡವೂ ಉಳಿಯಿತು.

ಹೂ ಉದುರಿ ಹಸಿರು ಕಾಳು ಕಟ್ಟಿತು. ಓಡಿ ಹೋಗಿ ಅತ್ತೆಗೆ ತೋರಿಸಿದೆ. ಹಸಿರು ಲೆಕ್ಕಕ್ಕಿಲ್ಲ, ಬಣ್ಣ ಬರಬೇಕು ಎಂದರು. ಹಬ್ಬ ಹತ್ತಿರ ಬಂದಂತೆ ನನಗೆ ಹೊಲಿಗೆಯೇ ನೇರ ಬರುತ್ತಿರಲಿಲ್ಲ. ದೀಪಾವಳಿಯ ವಾರದಲ್ಲಿ ಒಂದು ಗೊಂಚಲು ಅರಿಶಿನಕ್ಕೆ ತಿರುಗಿತು, ಆಮೇಲೆ ಗಿಡಕ್ಕೆ ಗಿಡವೇ ಕಿತ್ತಳೆಯಾಯಿತು. ಕಿಟಕಿಯಲ್ಲಿ ಗೋಡೆ ಕಾಣದಾದ ಆ ದಿನ ನನಗಾದ ಸಂತೋಷಕ್ಕೆ ಒಬ್ಬರ ಬ್ಲೌಸಿಗೆ ಎರಡೂ ಕಡೆ ಎಡದ ತೋಳನ್ನೇ ಹಚ್ಚಿಬಿಟ್ಟೆ.

ಲಕ್ಷ್ಮೀಪೂಜೆಯ ಬೆಳಿಗ್ಗೆ ಕಸ ಹೊಡೆಯಲು ಹೋದೆ. ಬಾಗಿಲ ಕಡೆಯ ಗೊಂಚಲುಗಳು ಒಂದೂ ಇಲ್ಲ. ಅಜ್ಜಿಯ ಮನೆಗೇ ಹೋಗಿ ಕೇಳುವುದೆಂದು ಸೆರಗು ಸಿಕ್ಕಿಸಿಕೊಂಡು, ಚಪ್ಪಲಿಗಾಗಿ ಒಳಗೆ ಬಂದರೆ, ದೇವರ ಜಗಲಿಯ ಮುಂದೆ ಅತ್ತೆ. ಕೈಯಲ್ಲಿ ನನ್ನ ಸೂಜಿ, ನನ್ನ ದಾರ. ಮಡಿಲ ತುಂಬ ಕಿತ್ತಳೆ ಮಣಿ.

"ಹಬ್ಬದಾಗ ಹೂವಿನ ರೇಟ್ ಕೇಳಿಯೇನು?" ಎಂದರು ತಲೆ ಎತ್ತದೆ.

"ವಿಷ ಅಲ್ಲೇನ್ರಿ ಅತ್ತಿ ಅದು?"

"ಲಕ್ಷ್ಮೀ ಕೊಳ್ಳಾಗ ಹಾಕಾಕತ್ತೇನಿ. ಬಾಯಾಗ ಅಲ್ಲ."

ನಗು ತಡೆದುಕೊಂಡು ಮಷಿನ್ ಕಡೆ ನೋಡಿದೆ. ಕಿಟಕಿಯೆದುರಿನ ಗೊಂಚಲುಗಳು ಒಂದೂ ಕದಲಿರಲಿಲ್ಲ. ಬೇಕೆಂದೇ ಬಿಟ್ಟಿದ್ದರು. ಹಾಗಾದರೆ ನುಗ್ಗೆಯ ಗುಂಡಿ ಮುಚ್ಚಿಸಲೇ ಎಂದು ಕೇಳಿದೆ.

"ಯಾಕ ಮುಚ್ಚತಿ? ಇದರದ ಇನ್ನೊಂದ ಟೊಂಗಿ ಅದರಾಗ ಊರು. ಮುಂದಿನ ದೀಪಾವಳಿಗೆ ಲಕ್ಷ್ಮೀ ಬಾಜೂಕಿನ ಗಣಪ್ಪಗೂ ಒಂದ ಮಾಲಿ ಬೇಕು." ದಾರದ ತುದಿಗೆ ಗಂಟು ಹಾಕಿ ಅತ್ತೆ ಮೊದಲ ಸಲ ನನ್ನ ಮುಖ ನೋಡಿದರು. "ಅಂಜಬ್ಯಾಡ. ಪುಣ್ಯ ನಿನಗೂ ಅರ್ಧಾ ಬರತೈತಿ."