ಮಾಸ್ಕಿನ ಹಿಂದಿನ ದನಿ

"ಬಸ್ಸಲ್ಲಿ ಮಾಸ್ಕ್ ಬೇಕು, ಬಸ್‌ಸ್ಟಾಪಲ್ಲಿ ಬೇಡ. ಈ ವೈರಸ್ಸೇನು ಪಾಸ್ ಇಟ್ಕೊಂಡು ಓಡಾಡತ್ತಾ?" ಎಂದಳು ಫೆಮ್ಕೆ, ಕಂಬಳಿಯನ್ನು ಕಿವಿಯವರೆಗೂ ಎಳೆದುಕೊಳ್ಳುತ್ತ.

"ಕ್ಲಾಸಲ್ಲಿ ಬೇಕು, ಕ್ಯಾಂಟೀನಲ್ಲಿ ಬೇಡ. ಅದಕ್ಕೂ ಊಟದ ಬಿಡುವಿರತ್ತೆ ಕಣೇ," ಎಂದ ಹೌಕೆ.

ಎಮ್ಡನ್ ಎಂಬ ಜರ್ಮನ್ ಬಂದರೂರಿನ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯವರು, ಗಾಳಿಯಾಡಲೆಂದು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಕಂಬಳಿ ಹೊದ್ದು ಆಲೂಗಡ್ಡೆ ಮೂಟೆಗಳಂತೆ ಕೂತಿದ್ದರು. ಮಾಸ್ಕ್ ಇರಬೇಕೋ ಬೇಡವೋ, ಚರ್ಚಿಸಿ ನೀವೇ ತೀರ್ಮಾನಿಸಿ ಎಂದು ಮುಖ್ಯೋಪಾಧ್ಯಾಯರು ಅಂದು ಮಕ್ಕಳಿಗೇ ಬಿಟ್ಟಿದ್ದರು.

"ಫೋಕೊ, ನೀನಂತೂ ಕುಣಿದಾಡ್ತಿರ್ಬೇಕು!" ಎಂದ ಹೌಕೆ.

ಫೋಕೊ ಕುಣಿಯುತ್ತಿರಲಿಲ್ಲ. "ಮಾಸ್ಕ್ ಇರ್ಲಿ ಅನ್ಸತ್ತೆ ನಂಗೆ," ಎಂದ.

ಮೂಟೆಗಳೆಲ್ಲ ಒಟ್ಟಿಗೆ ತಿರುಗಿದವು. ಮಾಸ್ಕನ್ನು ಗಲ್ಲಕ್ಕೆ ಜೋಲಿ ಕಟ್ಟಿಕೊಂಡು ಓಡಾಡಿ ದಿನಾ ಬೈಸಿಕೊಳ್ಳುತ್ತಿದ್ದವನು ಇವನೇ.

"ಮೊಡವೆ ಎದ್ದಿದ್ಯೇನೋ?" ಎಂದಳು ಫೆಮ್ಕೆ.

"ಅಲ್ಲ... ಅಜ್ಜಿಗೆ ತಗುಲಿಬಿಟ್ರೆ ಅಂತ..."

"ನಿಮ್ಮಜ್ಜಿಗಾ? ಶನಿವಾರ ಬಂದರಿನ ಹತ್ರ ಮೀನಿನ ಬನ್ನು ತಿಂತಾ ಸಿಕ್ಕಿದವ್ರನ್ನೆಲ್ಲ ತಬ್ಕೋತಿದ್ರಲ್ಲೋ! ನನ್ನನ್ನೂ ಬಿಡ್ಲಿಲ್ಲ!" ಎಂದ ಹೌಕೆ.

ನಿಜವಾದ ಕಾರಣ ಫೋಕೊನ ಪಕ್ಕದಲ್ಲೇ ಕೂತಿತ್ತು. ಹೆಸರು ರೆಮ್ಮರ್. ಬರೆಯುವ ಪರೀಕ್ಷೆಯಲ್ಲಿ ಮೊದಲಿಗ, ಕೈ ಎತ್ತಲು ಮಾತ್ರ ನಾಚಿಕೆ. ಟೀಚರ್ ಏನು ಕೇಳಿದರೂ ಉತ್ತರವನ್ನು ಮಾಸ್ಕಿನೊಳಗೇ ಗೊಣಗುತ್ತಿದ್ದ. ಜೀವಶಾಸ್ತ್ರದ ಟೀಚರ್ ಫ್ರೌ ಉಬ್ಬೆನ್ ಮಾಸ್ಕ್ ಹಾಕಿದೊಡನೆ ಅವರ ಕನ್ನಡಕ ಉಸಿರಿನ ಹಬೆ ಹಿಡಿದು ಬಚ್ಚಲುಮನೆಯ ಕನ್ನಡಿಯಾಗುತ್ತಿತ್ತು. ಹಿಂದಿನ ಬೆಂಚಿನ ಮಾತುಗಾರನೆಂದರೆ ಫೋಕೊ, ಆ ಗೊಣಗುವ ದನಿ ಅವನದೇ ಎಂಬುದು ಅವರ ನಂಬಿಕೆ. ಅಲ್ಲಿಂದ ಸರಿಯುತ್ತರ ಬಂದಾಗಲೆಲ್ಲ "ಭೇಷ್, ಫೋಕೊ!" ಎನ್ನುವರು. ಫೋಕೊ ಅಲ್ಲವೆಂದವನಲ್ಲ. ಒಟ್ಟು ಅಂಕದಲ್ಲಿ ಅರ್ಧ ಬಾಯಿಬಿಟ್ಟು ಉತ್ತರಿಸುವುದಕ್ಕೇ. ಬರೆಯುವ ಪರೀಕ್ಷೆಗಳಲ್ಲಿ ಮುಳುಗಿದ್ದ ಫೋಕೊ ಆ ಗೊಣಗಾಟ ಹಿಡಿದು ತೇಲುತ್ತಿದ್ದ. ಮಾಸ್ಕ್ ಹೋಯಿತೋ, ಯಾರ ಬಾಯಿ ಆಡುತ್ತದೆಂದು ಎಲ್ಲರಿಗೂ ಕಾಣುತ್ತದೆ. ಆಮೇಲೆ ಇನ್ನೊಂದು ವರ್ಷ ಹತ್ತನೆಯ ತರಗತಿಯೇ ಗತಿ.

"ಮೋಯಿನ್ ಮಕ್ಕಳೇ!" ಎಂದು ನಮಸ್ಕಾರ ಹೇಳುತ್ತ ಫ್ರೌ ಉಬ್ಬೆನ್ ಒಳಗೆ ಬಂದರು. "ಕೂತಲ್ಲಿಂದಲೇ ಮಾತಾಡಿ. ಇವತ್ತಿನ ಮಾತಿಗೆ ಎರಡರಷ್ಟು ಅಂಕ."

ಫೋಕೊ ರೆಮ್ಮರನ ಪಕ್ಕೆ ತಿವಿದ. "ಗೊಣಗೋ!"

"ಇದು ಅಭಿಪ್ರಾಯ ಕಣೋ, ಉತ್ತರ ಅಲ್ಲ. ನಂಗೆ ಗೊತ್ತಿಲ್ಲ," ಎಂದುಬಿಟ್ಟ ರೆಮ್ಮರ್.

ಫೋಕೊ ಕಂಬಳಿಯೊಳಗೇ ಬೆವರಿದ. ಬೇರೆ ದಾರಿಯಿಲ್ಲದೆ ತಾನೇ ಬಾಯಿಬಿಟ್ಟ. ವರ್ಷವಿಡೀ ಕಿವಿಗೆ ಬಿದ್ದ ಗೊಣಗಾಟವೆಲ್ಲ ಈಗ ಗಂಟು ಬಿಚ್ಚಿದಂತೆ ಉದುರಿತು. "ಬರೀ ಮಾತಾಡಿದ್ರೂ ಹನಿ ಹಾರತ್ತೆ. ನಮಗೆ ನೆಗಡಿ ಅಷ್ಟೇ, ಮನೇಲಿರೋರಿಗೆ ಆಸ್ಪತ್ರೆ. ವೈರಸ್ಸಿಗೆ ಪಾಸ್ ಯಾಕೆ ಬೇಕು? ನಮ್ಮ ಬಾಯೇ ಅದರ ಬಸ್ಸು!"

ಇದು ತನ್ನದೇ ಮಾತಾ ಎಂದು ಅವನಿಗೇ ಗಲಿಬಿಲಿಯಾಯಿತು. ಮೂಟೆಗಳಿಂದ ಒಂದೊಂದೇ ಕೈ ಮೇಲೆದ್ದಿತು. ಫೆಮ್ಕೆಯದೂ. ಮಾಸ್ಕ್ ಉಳಿಯಿತು.

ಫ್ರೌ ಉಬ್ಬೆನ್ ಚಪ್ಪಾಳೆ ತಟ್ಟಿದರು. "ವರ್ಷವೆಲ್ಲ ತುಟಿ ಬಿಚ್ಚದ ಹುಡುಗ ಎಂಥಾ ಮಾತಾಡಿದೆಯಪ್ಪ! ಭೇಷ್, ರೆಮ್ಮರ್! ಪೂರ್ತಿ ಅಂಕ!"

ಫೋಕೊ ಮಾಸ್ಕ್ ಕೆಳಗೆಳೆದ. "ಫ್ರೌ ಉಬ್ಬೆನ್, ಅದು ನಾನು, ಫೋಕೊ!"

"ನೀನಾ? ಮಾಸ್ಕ್ ಕಂಡ್ರೆ ಮಾರುದೂರ ಓಡೋನು! ಈಗ್ಲೂ ಗಲ್ಲದ ಮೇಲೇ ಇರ್ಬೇಕಲ್ಲ? ಹಾಕ್ಕೋ ಮೇಲಕ್ಕೆ!"

ಹಾಕಿಕೊಂಡ. ಪಾಪ ಅನ್ನಿಸಿ ರೆಮ್ಮರ್ ಗೊಣಗಿದ: "ಮಾತಾಡಿದ್ದು ಫೋಕೊನೇ. ತುಂಬಾ ಚೆನ್ನಾಗಿ ಮಾತಾಡ್ದ."

"ಫೋಕೊ!" ಗದರಿದರು ಫ್ರೌ ಉಬ್ಬೆನ್. "ತನ್ನನ್ನ ತಾನೇ ಹೊಗಳ್ಕೊಳ್ಳೋ ಹುಡುಗನ್ನ ಇವತ್ತೇ ನೋಡಿದ್ದು ನಾನು. ನಿನಗೆ ಸೊನ್ನೆ."

ಅವರು ಕನ್ನಡಕ ತೆಗೆದು, ಚೆನ್ನಾಗಿ ಒರೆಸಿ, ಮತ್ತೆ ಹಾಕಿಕೊಂಡು ಹಿಂದಿನ ಬೆಂಚಿನತ್ತ ತಿರುಗಿ ಉಸಿರುಬಿಟ್ಟರು. ಗಾಜು ಮೆಲ್ಲಗೆ ಬೆಳ್ಳಗಾಯಿತು.