ಏಳು ಮಿಲಿಮೀಟರ್ ಜಾಗ ಹಿಂದಿರುಗಿಸುವ ಕುರಿತು

ಪತ್ರಿಕಾ ಕಚೇರಿಯ ಜಾಹೀರಾತು ವಿಭಾಗದಲ್ಲಿ ಸದಾ ಬೆನ್ನು ನೆಟ್ಟಗಿಟ್ಟುಕೊಂಡು ವಿರಾಜಮಾನರಾಗಿರುವ ಸ್ಟೀಲ್ ಸ್ಕೇಲ್ ಮಹಾಶಯರಿಗೆ, ಮೂವತ್ತು ವರ್ಷಗಳಿಂದ ಕೊರಳಿಗೆ ಟೇಪು ಹಾಕಿಕೊಂಡು ಬದುಕುತ್ತಿರುವ ದರ್ಜಿಯೊಬ್ಬನ ನಡುಬಗ್ಗಿದ ನಮಸ್ಕಾರಗಳು.

ಮಾನ್ಯರೇ, ಕಳೆದ ವಾರ ನನ್ನ ಅಮ್ಮ ತೀರಿಕೊಂಡಾಗ ನಿಧನವಾರ್ತೆಯ ಜಾಹೀರಾತು ಕೊಡಲು ತಮ್ಮ ಸನ್ನಿಧಿಗೆ ಬಂದಿದ್ದೆ. ಎರಡು ಕಾಲಂ ಅಗಲ, ಐದು ಸೆಂಟಿಮೀಟರ್ ಎತ್ತರ. ಎಂಬತ್ತೊಂದು ವರ್ಷದ ಬಾಳಿಗೆ ಅಷ್ಟು ಸಾಕೆಂದು ನನ್ನ ಜೇಬು ಹೇಳಿತು. ಸುತ್ತಲಿನ ಕಪ್ಪು ಗೆರೆಗೂ ಗೆರೆಯೊಳಗಿನ ಖಾಲಿ ಜಾಗಕ್ಕೂ ಅಕ್ಷರದಷ್ಟೇ ದರವೆಂದು ತಿಳಿದು ತಮ್ಮ ಸಮದೃಷ್ಟಿಗೆ ಬೆರಗಾದೆ.

ಹನ್ನೊಂದು ವರ್ಷದ ಹಿಂದೆ ನನ್ನೊಡನೆ ಜಗಳವಾಡಿ ಮನೆ ಬಿಟ್ಟ ಅಣ್ಣ ಎಲ್ಲಿದ್ದಾನೋ ಗೊತ್ತಿಲ್ಲ; ಎಲ್ಲಿದ್ದರೂ ತಮ್ಮ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವನು. ಅವನಿಗೆಂದೇ ಕೊನೆಯಲ್ಲೊಂದು ಸಾಲು ಬರೆದಿದ್ದೆ. ತಮ್ಮನ್ನು ಕಾಗದದ ಮೇಲಿಟ್ಟು ನೋಡಿದ ಗುಮಾಸ್ತರು, “ಯಜಮಾನ್ರೇ, ಈ ಸಾಲು ಸೇರಿದ್ರೆ ಐದು ದಾಟತ್ತೆ, ಆರರ ದುಡ್ಡು ಕೊಡ್ಬೇಕಾಗತ್ತೆ” ಎಂದರು. ಜೇಬು ತಡಕಿದೆ. ಸಾಲು ಹೋಯಿತು.

ಮರುದಿನ ಅಚ್ಚಾಗಿ ಬಂದ ಅಮ್ಮನನ್ನು ಟೇಪು ಹಿಡಿದು ಅಳೆದೆ. ಕಸುಬಿನವನ ಕೈ ಸುಮ್ಮನಿರುವುದಿಲ್ಲವಲ್ಲ. ನಾಲ್ಕು ಸೆಂಟಿಮೀಟರು, ಮೂರು ಮಿಲಿಮೀಟರು! ಚೂರುಪಾರು ಬಂದರೆ ಮುಂದಿನ ಪೂರ್ಣ ಅಂಕಿಗೆ ಏರಿಸಿ ದರ ಹಾಕುವುದು ತಮ್ಮಲ್ಲಿನ ನಿಯಮವಂತೆ. ದರ್ಜಿಗಳು ಬಟ್ಟೆ ಕದಿಯುತ್ತಾರೆಂದು ಊರೆಲ್ಲ ಆಡಿಕೊಳ್ಳುತ್ತದೆ. ನಾವಾದರೂ ಮುಂದೆ ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಲಿ ಎಂದು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತೇವೆ. ಅದೇ ಪುಟದಲ್ಲಿ ಚಪ್ಪಲಿ ಅಂಗಡಿಯವರು ಅರ್ಧ ಪುಟ ಖಾಲಿ ಬಿಟ್ಟು ನಡುವೆ ಒಂಟಿ ಚಪ್ಪಲಿ ಇಟ್ಟಿದ್ದರು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು.

ಆದ್ದರಿಂದ ದುಡ್ಡು ಕೊಟ್ಟು ಕೊಂಡ ನನ್ನ ಏಳು ಮಿಲಿಮೀಟರನ್ನು ಹಿಂದಿರುಗಿಸಬೇಕಾಗಿ ಬೇಡಿಕೊಳ್ಳುತ್ತೇನೆ. ಹಣ ಬೇಡ, ಜಾಗವೇ ಬೇಕು. ಹವಾಮಾನ ವರದಿಯ ಕೆಳಗಾದರೂ ಸರಿ, ಪದಬಂಧದ ಕಪ್ಪು ಚೌಕದೊಳಗಾದರೂ ಸರಿ, ಆ ಚಪ್ಪಲಿಯ ಹಿಮ್ಮಡಿಯ ಪಕ್ಕದಲ್ಲಾದರೂ ಸರಿ. ಹಾಗೆಯೇ, ಅಣ್ಣತಮ್ಮಂದಿರ ನಡುವಿನ ಹನ್ನೊಂದು ವರ್ಷವನ್ನು ತಾವು ಯಾವ ದರದಲ್ಲಿ ಅಳೆಯುವಿರೆಂದೂ ತಿಳಿಸುವ ಕೃಪೆ ಮಾಡಬೇಕು.

ಅಳತೆಯಲ್ಲಿ ತಮ್ಮ ಸೋದರ, ಬಾಗುವುದರಲ್ಲಿ ಮಾತ್ರ ಬೇರೆಯಾದ,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ

ತಾ.ಕ.: ಓದುಗರ ಪತ್ರಗಳ ಪುಟದಲ್ಲಿ ತಮ್ಮ ಆಳ್ವಿಕೆ ಇಲ್ಲವೆಂದೂ ಇಲ್ಲಿ ಅಚ್ಚಾಗಲು ಬಿಡಿಗಾಸೂ ಬೇಡವೆಂದೂ ಗುಮಾಸ್ತರೇ ಬಾಯಿಬಿಟ್ಟರು. ಅದಕ್ಕೇ ಇಷ್ಟುದ್ದ ಬರೆದೆ. ತಾವು ಓದದಿದ್ದರೂ ಬೇಸರವಿಲ್ಲ; ಇಲ್ಲಿಯವರೆಗಿನದೆಲ್ಲ ಈ ಒಂದು ಸಾಲಿಗಾಗಿ: ಅಣ್ಣಾ, ಅಮ್ಮ ಕೊನೆಯವರೆಗೂ ನಿನ್ನನ್ನೇ ಕೇಳುತ್ತಿದ್ದಳು, ತಪ್ಪು ನನ್ನದೇ, ಮನೆಗೆ ಬಾ.