ಮಾವನ ಬಂದೂಕಿಗೆ ಗಂಜಿ ಕುಡಿಸಿದ್ದು

ಬಂದೂಕಿನ ನಳಿಗೆ ತೊಳೆಯುವುದು ಮಹಾವಿದ್ಯೆಯೇನಲ್ಲ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದೊಂದು ಎರಡೂ ಕಡೆ ತೂತಿರುವ ಕೊಳವೆ. ಒಂದು ಕಡೆಯಿಂದ ಬಟ್ಟೆ ಹೋಗಬೇಕು, ಇನ್ನೊಂದು ಕಡೆಯಿಂದ ಬರಬೇಕು. ಹೋಯಿತು. ಬರಲಿಲ್ಲ!

ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ರಾಜ್ಯಕ್ಕೆ ಮಿಲಿಟರಿಯವರ ಆಡಳಿತ ಬಂದಿದ್ದ ಹೊಸತು. ಬಂದೂಕು ಇದ್ದವರೆಲ್ಲ ಕಚೇರಿಗೆ ತಂದು ಒಪ್ಪಿಸಬೇಕೆಂದು ನಮ್ಮೂರು ನಾರಾಯಣಪೇಟೆಯಲ್ಲಿ ಡಂಗುರ ಹೊಡೆದರು. ಬಂದೂಕು ಸುಸ್ಥಿತಿಯಲ್ಲಿದ್ದರೆ ಚೀಟಿ ಕೊಡುತ್ತಾರೆ, ಮುಂದೆ ಮರಳಿ ಸಿಗಬಹುದು. ಕೆಟ್ಟಿದ್ದರೆ ಅಲ್ಲೇ ಸುತ್ತಿಗೆಯಿಂದ ಜಜ್ಜಿ ಗುಜರಿಗೆ ಹಾಕುತ್ತಾರೆ ಎಂದು ಊರೆಲ್ಲ ಸುದ್ದಿ.

ನನ್ನ ಮಾವ ಉಟ್ಕೂರಿನ ಕಡೆಯ ಹಳ್ಳಿಯೊಂದರ ಪೊಲೀಸ್ ಪಾಟೀಲರು. ಅವರ ಹತ್ತಿರ ಅವರ ತಂದೆಯ ಕಾಲದ ಒಂದು ರೈಫಲ್ಲಿತ್ತು. ಪೊಲೀಸ್ ಆ್ಯಕ್ಷನ್‌ಗೆ ಮುಂಚೆ ಊರೂರು ಲೂಟಿಯಾಗುತ್ತಿದ್ದ ಆ ಕೆಟ್ಟ ವರ್ಷದಲ್ಲಿ ಸಂಜೆಯಾದರೆ ಮಾವನವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು. ಓಣಿಯ ಹೆಂಗಸರು ಮಕ್ಕಳೆಲ್ಲ ಅವರ ವಾಡೆಯೊಳಗೆ ಮಲಗುತ್ತಿದ್ದರು. ಒಂದು ಗುಂಡೂ ಹಾರಿಸಲಿಲ್ಲ, ಆದರೂ ಒಬ್ಬರ ಕೂದಲೂ ಕೊಂಕಲಿಲ್ಲ. ಆ ಬಂದೂಕು ಕಂಡರೆ ನನಗೆ ಗರ್ಭಗುಡಿಯ ಮುಂದೆ ನಿಂತಷ್ಟು ಭಯಭಕ್ತಿ.

ಒಪ್ಪಿಸುವ ಕಡೆಯ ದಿನ ಮುಂಜಾನೆ ಮಾವನವರು ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಬಂಡಿ ಕಟ್ಟಿಸಿಕೊಂಡು ನಮ್ಮ ಮನೆಗೆ ಬಂದರು.

"ಅಳಿಯಂದ್ರ, ನಳಿಗಿ ಒಮ್ಮೆ ಒರೆಸಿ ಒಯ್ಯೋಣ್ರಿ. ಮಗಳನ್ನ ಕಳಿಸುವಾಗ ಮಾರಿ ತೊಳೆದು ಕಳಿಸ್ತೀವಲ್ಲ, ಹಂಗ" ಎಂದರು. ಅವರ ಕಣ್ಣು ತುಂಬಿತ್ತು. ನನ್ನ ಮದುವೆಯಲ್ಲಿ ನಿಜವಾದ ಮಗಳನ್ನು ಕಳಿಸುವಾಗ ಕೂಡ ಇಷ್ಟು ತುಂಬಿರಲಿಲ್ಲ!

"ನೀವು ಪೂಜಿಗಿ ಕೂಡ್ರಿ ಮಾವಾರ, ನಾ ಮಾಡ್ತೀನಿ" ಎಂದೆ.

"ನಿಮಗ ಬರ್ತೈತೇನ್ರಿ?"

"ಬರ್ತೈತೇನು ಅಂತ ಕೇಳ್ತೀರಲ್ರಿ! ಎರಡು ಮಗ್ಗ ನಡಸಾವ ನಾನು."

ಮಗ್ಗಕ್ಕೂ ಬಂದೂಕಿಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ. ದೊಡ್ಡ ಮನುಷ್ಯರು. ಹಿಂದಿನ ಕೀಲು ಬಿಚ್ಚಿ ಕೊಟ್ಟು, "ಮೆತ್ತನ್ನ ಅರಿವಿ ತಗೋರಿ, ಸಣ್ಣ ತುಂಡು" ಎಂದು ಹೇಳಿ ಲಿಂಗಪೂಜೆಗೆ ಕೂತರು.

ನಾನು ನಳಿಗೆಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಏನು ಹೇಳಲಿ! ಒಳಗೆ ಸಣ್ಣ ಸಣ್ಣ ಗೆರೆಗಳು ಸುರುಳಿ ಸುತ್ತುತ್ತಾ ಹೋಗಿದ್ದವು. ಒಂದು ಎಳೆ ಆಚೀಚೆ ಇಲ್ಲ. ಬೆರಳೂ ಹೋಗದ ಈ ತೂತಿನೊಳಗೆ ಯಾವ ಪುಣ್ಯಾತ್ಮ, ಯಾವ ಕೈಯಿಂದ ಇದನ್ನು ಕೊರೆದ? ಸೀರೆಯ ಅಂಚಿನಲ್ಲಿ ಎಳೆ ತಪ್ಪಿಸಿ ಬೈಸಿಕೊಳ್ಳುವ ನನಗೆ ಮೈ ಜುಂ ಎಂದಿತು. ಇಂಥ ವಸ್ತುವಿಗೆ ಸಣ್ಣ ತುಂಡು ಅರಿವೆಯೇ? ಛೆ, ಅವಮಾನ! ಇದಕ್ಕೆ ಅದ್ದೂರಿ ಸ್ನಾನವೇ ಆಗಬೇಕು.

ಮೂಲೆಯಲ್ಲಿ ಹಾಸಿನ ನೂಲಿಗೆ ಗಂಜಿ ಹಚ್ಚುವ ಬಟ್ಟೆ ಒಣಗಿ ಹಪ್ಪಳದಂತೆ ಬಿದ್ದಿತ್ತು. ಒರಟಾಗಿದ್ದರೆ ಕೊಳೆ ಚೆನ್ನಾಗಿ ಕೆರೆಯುತ್ತದೆ ಎಂದು ನನ್ನ ಬುದ್ಧಿ ಹೇಳಿತು. ಅಂಗೈಯಗಲ ಹರಿದು, ಮಗ್ಗದ ಕಬ್ಬಿಣದ ಸಲಾಕೆಯಿಂದ ನಳಿಗೆಯೊಳಗೆ ತಳ್ಳಿದೆ. ಅರ್ಧಕ್ಕೆ ನಿಂತಿತು. ಜಾರಲಿ ಎಂದು ಬಿಸಿನೀರು ಹೊಯ್ದೆ. ಮತ್ತಷ್ಟು ಭದ್ರವಾಯಿತು! ಇನ್ನೊಂದು ಬಟ್ಟೆ ಹಾಕಿದರೆ ಮೊದಲನೆಯದನ್ನು ದಬ್ಬೀತು ಎಂದು ಇನ್ನೊಂದನ್ನು ತಳ್ಳಿದೆ. ಅದು ಮೊದಲನೆಯದರ ಜೊತೆ ಸಂಸಾರ ಹೂಡಿತು.

ನೀರು ಕೇಳಲು ಮತ್ತೆ ಹೋದಾಗ ನನ್ನ ಹೆಂಡತಿ ಶಿವಮ್ಮ ಒಲೆ ಬಿಟ್ಟು ಎದ್ದು ಬಂದಳು.

"ಯಾವ ಬಟ್ಟಿ ಹಾಕೀರಿ?"

"ಗಂಜಿ ಬಟ್ಟಿ."

"ಮ್ಯಾಲೆ ಬಿಸಿನೀರ ಹೊಯ್ದೀರಿ?"

"ಹೂಂ."

"ಅಯ್ಯ ಶಿವನ! ಅಂಟು ಕುದಿಸೀರಲ್ರೀ! ಅಪ್ಪಗ ಯಾರು ಹೇಳೋರು?"

ಹೇಳುವ ಕಷ್ಟ ಯಾರಿಗೂ ಬರಲಿಲ್ಲ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮಾವನವರೇ ಬಂದು ನಿಂತರು. ನಳಿಗೆ ಎತ್ತಿ ಬಿಸಿಲಿಗೆ ಹಿಡಿದರು. ಕತ್ತಲೆ. ತಿರುಗಿಸಿ ಹಿಡಿದರು. ಆ ಕಡೆಯೂ ಕತ್ತಲೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ!

"ನಡೀರಿ, ಹೊತ್ತಾತು" ಎಂದರು ಅಷ್ಟೇ.

ಕಚೇರಿಯ ಮುಂದೆ ದೊಡ್ಡ ಸಾಲು. ಅರ್ಧ ಜನ ನನಗೆ ಗುರುತಿನವರು, ನಮ್ಮಲ್ಲಿ ಸೀರೆ ಕೊಳ್ಳುವವರು. ಮೇಜಿನ ಮುಂದೆ ಕೂತಿದ್ದವನು ಉತ್ತರದ ಕಡೆಯ ಹವಾಲ್ದಾರ, ಗಿರಿಜಾಮೀಸೆಯ ಆಳು. ಪಕ್ಕದಲ್ಲೇ ಸುತ್ತಿಗೆ ಇತ್ತು. ಅವನು ನಮ್ಮ ನಳಿಗೆಗೆ ಕಣ್ಣಿಟ್ಟು, ತೆಗೆದು, ಮೂಸಿ ನೋಡಿ, "ಇದನ್ನು ತೊಳೆದವನು ಯಾರು?" ಎಂದು ಹಿಂದಿಯಲ್ಲಿ ಗುಡುಗಿದ.

ಆಗ ಮಾವನವರು ಮುಂದೆ ಬಂದು ನೆಟ್ಟಗೆ ನಿಂತರು.

"ನಾನ ತೊಳೆದೀನಿ ಅಂತ ಹೇಳ್ರಿ ಅಳಿಯಂದ್ರ."

ಊರ ಜನರ ಮುಂದೆ ಅಳಿಯನ ಮಾನ ಉಳಿಸಲು ಆ ಮನುಷ್ಯ ತನ್ನ ಮಾನ ಕೊಟ್ಟುಬಿಟ್ಟರು! ನನಗೆ ಅಲ್ಲೇ ಕಾಲು ಮುಟ್ಟಬೇಕೆನ್ನಿಸಿತು.

ಹವಾಲ್ದಾರ ನಳಿಗೆಗೆ ಎಣ್ಣೆ ಹೊಯ್ದು, ಹಿತ್ತಾಳೆಯ ಸಲಾಕೆ ತೂರಿಸಿ ಗುದ್ದತೊಡಗಿದ. ಒಂದೊಂದು ಗುದ್ದಿಗೂ ಒಂದೊಂದು ಬೈಗುಳ. ಮಾವನವರು ನನ್ನತ್ತ ಬಾಗಿದರು.

"ಸಾಬರು ಏನಂತಾರ್ರಿ? ನನಗ ಅವರ ಮಾತು ತಿಳೀವಲ್ದು."

ಮೂವತ್ತು ವರ್ಷ ಉರ್ದುವಿನಲ್ಲಿ ದಫ್ತರು ಬರೆದ ಪಾಟೀಲರು! ಆದರೂ ನಾನು ಎದುರಾಡದೆ ಅರ್ಥ ಹೇಳಿದೆ. "ಅರಿವಿ ಎರಡು ಬೆರಳಗಲ ಇರಬೇಕಿತ್ತು ಅಂತಾರ್ರಿ. ಕೆಲಸ ಸ್ವಲ್ಪ ತಪ್ಪೈತಿ ಅಂತಾರ್ರಿ."

"ನಡುವ ಬೇವಕೂಫ್ ಅಂದಂಗಿತ್ತಲ್ರಿ?"

"ಹೌದ್ರಿ."

"ಅದನ್ಯಾಕ ಬಿಟ್ರಿ? ಸರಕಾರಿ ಮಾತು, ಪೂರಾ ಹೇಳ್ರಿ. ಸ್ವಲ್ಪ ಗಟ್ಟಿಯಾಗಿ."

ಹೇಳಿದೆ. ಸಾಲಿನ ಕೊನೆಯವನಿಗೂ ಕೇಳಿಸುವಂತೆ, ಒಂದೂ ಬಿಡದೆ ಹೇಳಿದೆ!

ಕೊನೆಗೆ ಗಂಜಿ ಬಟ್ಟೆ ಮುದ್ದೆಯಾಗಿ ಪಟ್ಟನೆ ನೆಲಕ್ಕೆ ಬಿತ್ತು. ಹವಾಲ್ದಾರ ಒಂದು ದಾರದ ತುದಿಗೆ ಸೀಸದ ಗುಂಡು ಕಟ್ಟಿ, ಮತ್ತೊಂದು ತುದಿಗೆ ಸಣ್ಣ ಅರಿವೆ ಸಿಗಿಸಿ ಮೂರು ಸಲ ಎಳೆದ. ನಳಿಗೆಯನ್ನು ಮಾವನವರ ಕಣ್ಣಿಗೆ ಹಿಡಿದ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನಗೂ ಕೊಟ್ಟರು. ಸುರುಳಿ ಗೆರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು, ಅವುಗಳ ಕೊನೆಗೆ ಗುಂಡಗೆ ಒಂದು ತುಂಡು ಆಕಾಶ.

ಹವಾಲ್ದಾರ ಸುತ್ತಿಗೆ ಮುಟ್ಟಲಿಲ್ಲ. "ಸುಸ್ಥಿತಿ" ಎಂದು ಚೀಟಿ ಬರೆದ. ಮಾವನವರು ಬಂದೂಕಿನ ಮರದ ಮೇಲೆ ಒಮ್ಮೆ ಕೈಯಾಡಿಸಿ ಮೇಜಿನ ಮೇಲಿಟ್ಟರು. ಚೀಟಿ ಕೊಡುತ್ತಾ ಅವನು ಮತ್ತೊಂದು ಮಾತು ಹೇಳಿದ. ಮಾವನವರು ಕತ್ತು ಹೊರಳಿಸಿ ನನ್ನನ್ನೇ ನೋಡಿದರು.

"ಇಂಥವನ ಕೈಯಾಗ ಕಸಬರಿಗಿ ಸೈತ ಕೊಡಬಾರದು ಅಂತಾರ್ರಿ" ಎಂದೆ.

"ಬರೋಬರಿ ಐತಿ ಅಂತ ಹೇಳ್ರಿ."

ನಾನು ಹವಾಲ್ದಾರನಿಗೆ ಎರಡೂ ಕೈ ಮುಗಿದು, ನನಗೆ ಬರುವ ಅತ್ಯಂತ ಶುದ್ಧವಾದ ಉರ್ದುವಿನಲ್ಲಿ ಹೇಳಿದೆ: "ಬಿಲ್ಕುಲ್ ಬರಾಬರ್ ಹೈ, ಸಾಬ್!"